ಹೊಲದ ಬೆಳವಗಳನ್ನು ಗುರುತಿಸುವ ಬಗೆ

ಬಿತ್ತನೆ ಮುಗಿದ ಮರುದಿನ ಹೊಲದಲ್ಲಿ ಹಕ್ಕಿಗಳು ಇಳಿದುದನ್ನು ಕಂಡರೆ ರೈತನಿಗೆ ಸಮಾಧಾನವಿರುವುದಿಲ್ಲ. ಬೀಜ, ಗೊಬ್ಬರ, ಕೂಲಿ ಎಲ್ಲಕ್ಕೂ ಹಣ ಹಾಕಿಯಾಗಿದೆ. ಕಾಳೆಲ್ಲ ಹಕ್ಕಿಯ ಪಾಲಾದೀತೆಂಬ ಆತಂಕ ಸಹಜವೇ. ಆದರೆ ಇಳಿದ ಹಕ್ಕಿ ಯಾವುದು, ಅದು ಹೆಕ್ಕುತ್ತಿರುವುದು ಬಿತ್ತಿದ ಕಾಳನ್ನೋ ಕಳೆಯ ಬೀಜವನ್ನೋ ಎಂದು ನಿಂತು ನೋಡುವವರು ಕಡಿಮೆ. ರಾಯಚೂರು, ದೇವದುರ್ಗ, ಮಾನ್ವಿ ಕಡೆ ಕಾಣುವ ಪಾರಿವಾಳ ಕುಟುಂಬದ ಹಕ್ಕಿಗಳು ಒಂದೇ ಬಗೆಯವಲ್ಲ. ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಿದರೆ ಕಾವಲು ಯಾವಾಗ ಬೇಕು, ಯಾವಾಗ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಪಾರಿವಾಳ. ಬೂದು ಮೈ, ರೆಕ್ಕೆಯ ಮೇಲೆ ಎರಡು ಕಪ್ಪು ಪಟ್ಟೆ, ಕೊರಳಿನಲ್ಲಿ ಹಸಿರು ಮತ್ತು ನೇರಳೆ ಹೊಳಪು. ಇದು ಮೂಲತಃ ಬಂಡೆಯ ಸಂದಿನಲ್ಲಿ ಗೂಡು ಮಾಡುವ ಹಕ್ಕಿ. 1294ರ ಶಾಸನವಿರುವ ರಾಯಚೂರು ಕೋಟೆಯ ಗೋಡೆಯಾಗಲಿ, ಹಳೆಯ ಬಾವಿಯ ಕಲ್ಲುಸಂದಾಗಲಿ, ಅಕ್ಕಿ ಗಿರಣಿಯ ತಗಡಿನ ಮಾಡಾಗಲಿ ಅದರ ಲೆಕ್ಕಕ್ಕೆ ಬಂಡೆಯೇ. ಗಿರಣಿ ಮತ್ತು ಮಾರುಕಟ್ಟೆ ಅಂಗಳದಲ್ಲಿ ಚೆಲ್ಲಿದ ಕಾಳು ತಿಂದು ಇವುಗಳ ಸಂಖ್ಯೆ ಏರಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯೂ ಹೆಚ್ಚುತ್ತಿರುವ ಹಕ್ಕಿಗಳ ಸಾಲಿನಲ್ಲಿ ಪಾರಿವಾಳವನ್ನು ಹೆಸರಿಸಿದೆ. ದೊಡ್ಡ ಹಿಂಡಾಗಿ ಹೊಲಕ್ಕೆ ಇಳಿಯುವುದು ಸಾಮಾನ್ಯವಾಗಿ ಇದೇ.

ಉಳಿದವು ಬೆಳವಗಳು. ಕೊರಳಪಟ್ಟಿ ಬೆಳವ ತೆಳು ಬೂದು ಬಣ್ಣದ್ದು. ಕತ್ತಿನ ಹಿಂದೆ ಅರ್ಧ ಬಳೆಯಂತೆ ಕಪ್ಪು ಗೆರೆ. ಮೂರು ಸ್ವರದಲ್ಲಿ, ನಡುವಿನದನ್ನು ಎಳೆದು, ಕೂಗುತ್ತದೆ. ಪುಟ್ಟ ಕಂದು ಬೆಳವ ಅದಕ್ಕಿಂತ ಚಿಕ್ಕದು. ಕೊರಳಿನ ಇಕ್ಕೆಲದಲ್ಲಿ ಕೆಂಗಂದು ಮತ್ತು ಕಪ್ಪು ಚೌಕಳಿ ಇರುತ್ತದೆ, ಕೂಗು ಮೆಲ್ಲಗೆ ನಕ್ಕಂತೆ. ಹಿತ್ತಲಿಗೂ ಕಣಕ್ಕೂ ಅಂಜದೆ ಬರುವುದು ಇದು. ಕೆಂಪು ಬೆಳವ ಇವುಗಳಲ್ಲೆಲ್ಲ ಸಣ್ಣದು, ಸುಮಾರು 23 ಸೆಂ.ಮೀ. ಉದ್ದ. ಗಂಡಿನ ಬೆನ್ನು ಇಟ್ಟಿಗೆ ಬಣ್ಣ, ತಲೆ ಬೂದು, ಹೆಣ್ಣು ಕಂದು. ಹೆಣ್ಣು ಗಂಡುಗಳ ಬಣ್ಣ ಹೀಗೆ ಬೇರೆಯಾಗಿರುವುದು ಈ ಬೆಳವಗಳಲ್ಲಿ ಇದೊಂದರಲ್ಲೇ. ಚುಕ್ಕೆ ಬೆಳವಕ್ಕೆ ಹಿಂಗತ್ತಿನಲ್ಲಿ ಕಪ್ಪು ನೆಲದ ಮೇಲೆ ಬಿಳಿ ಚುಕ್ಕೆ. ಮರಗಳ ನೆರಳಿರುವ ಕಡೆ ಹುಡುಕಬೇಕು. ಇನ್ನು ಹಸಿರು ಪಾರಿವಾಳ ಆಲ, ಅರಳಿ, ಅತ್ತಿಯ ಹಣ್ಣು ತಿನ್ನುವ ಹಕ್ಕಿ. ಹೊಲದ ಕಾಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಣ್ಣಾದ ಆಲದ ಮರದ ಕೆಳಗೆ ಸುಮ್ಮನೆ ನಿಂತರೆ, ಎಲೆಯೆಂದುಕೊಂಡದ್ದು ಕದಲಿ ಹಳದಿ ಕಾಲು ಕಾಣಿಸುತ್ತದೆ.

ಈ ಕುಟುಂಬಕ್ಕೆ ಒಂದು ವಿಶೇಷವಿದೆ. ಕಾಳು ತಿನ್ನುವ ಹೆಚ್ಚಿನ ಹಕ್ಕಿಗಳು ಮರಿಗಳಿಗೆ ಹುಳು ಹಿಡಿದು ತರಬೇಕಾಗುತ್ತದೆ. ಬೆಳವ, ಪಾರಿವಾಳಗಳಲ್ಲಾದರೋ ತಂದೆ ತಾಯಿ ಇಬ್ಬರ ಗಂಟಲ ಚೀಲದಲ್ಲೂ ಹಾಲಿನಂಥ ಗಟ್ಟಿ ಆಹಾರ ಉತ್ಪತ್ತಿಯಾಗುತ್ತದೆ. ಮೊದಲ ದಿನಗಳಲ್ಲಿ ಮರಿಗೆ ಅದೇ ಊಟ. ಆದ್ದರಿಂದ ಹುಳುವಿನ ಕಾಲವನ್ನು ಕಾಯದೆ, ಕಾಳು ನೀರು ಸಿಕ್ಕರೆ ವರ್ಷದ ಬಹುಭಾಗ ಮರಿ ಮಾಡುತ್ತವೆ. ಆದರೆ ಒಂದು ಸಲಕ್ಕೆ ಇಡುವುದು ಸಾಮಾನ್ಯವಾಗಿ ಎರಡೇ ಮೊಟ್ಟೆ. ಬೆಳವದ ಗೂಡು ಬದುವಿನ ಜಾಲಿಯಲ್ಲೋ ಬೇವಿನಲ್ಲೋ ಹತ್ತಾರು ಕಡ್ಡಿ ಅಡ್ಡಾದಿಡ್ಡಿ ಇಟ್ಟಂತಿರುತ್ತದೆ; ಕೆಳಗಿನಿಂದ ನೋಡಿದರೆ ಮೊಟ್ಟೆ ಕಾಣುವಷ್ಟು ತೆಳು. ಬದು ಸವರುವ ಮುಂಚೆ ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು.

ಈಗ ಬೆಳೆಯ ವಿಚಾರ. ಈ ಹಕ್ಕಿಗಳು ಕೋಳಿಯಂತೆ ಕಾಲಿನಿಂದ ಕೆದರುವುದಿಲ್ಲ. ಮಣ್ಣಿನ ಮೇಲೆ ಬಿದ್ದದ್ದನ್ನು, ಹೆಚ್ಚೆಂದರೆ ಸಡಿಲ ಮಣ್ಣನ್ನು ಕೊಕ್ಕಿನಿಂದ ಸರಿಸಿ, ಹೆಕ್ಕುತ್ತವೆ. ಎರೆ ಭೂಮಿಯಲ್ಲಿ ಹಿಂಗಾರಿ ಜೋಳವನ್ನು ಕೂರಿಗೆಯಿಂದ 5 ಸೆಂ.ಮೀ. ಆಳಕ್ಕೆ ಬಿತ್ತಿ, ಮೇಲೆ ಸರಿಯಾಗಿ ಮಣ್ಣು ಮುಚ್ಚಿದ್ದರೆ ಆ ಕಾಳು ಬೆಳವಕ್ಕೆ ಎಟುಕುವುದಿಲ್ಲ. ಸಿಗುವುದು ಕೂರಿಗೆ ತಿರುಗಿಸುವ ಹೊಲದ ಅಂಚಿನಲ್ಲಿ ಚೆಲ್ಲಿದ್ದು, ಜೊತೆಗೆ ಹುಲ್ಲಿನ ಹಾಗೂ ಕಳೆಯ ಸಣ್ಣ ಬೀಜಗಳು. ನಿಂತ ತೆನೆಯ ಹಾನಿಯನ್ನೂ ಇವುಗಳ ತಲೆಗೆ ಕಟ್ಟುವುದುಂಟು. ಜೋಳದ ತೆನೆಯನ್ನು ಮುಖ್ಯವಾಗಿ ಕೆಡಿಸುವವು ಗಿಣಿ ಮತ್ತು ಗುಬ್ಬಿಯ ಗಾತ್ರದ ಹಕ್ಕಿಗಳು. ಬೆಳವ ಕೆಳಗೆ ಉದುರಿದ್ದನ್ನು ಆರಿಸುತ್ತಿರುತ್ತದೆ.

ನಿಜವಾದ ತೊಂದರೆ ಆಗುವುದು ಬೇರೆ ಕಡೆ. ಮಾನ್ವಿಯ ತುಂಗಭದ್ರಾ ಎಡದಂಡೆ ನಾಲೆಯ ಪ್ರದೇಶದಲ್ಲಿ ಮೊಳಕೆ ಬರಿಸಿದ ಭತ್ತವನ್ನು ಕೆಸರಿನ ಮೇಲೆ ನೇರವಾಗಿ ಬಿತ್ತಿದಾಗ ಕಾಳು ತೆರೆದೇ ಇರುತ್ತದೆ. ಅಲ್ಲಿ ಪಾರಿವಾಳದ ಹಿಂಡು ಗಣನೀಯ ನಷ್ಟ ಮಾಡಬಲ್ಲದು. ಸಸಿ ಬೇರೂರುವ ತನಕ, ಸುಮಾರು ಒಂದು ವಾರ, ಬೆಳಿಗ್ಗೆ ಸಂಜೆ ಕಾವಲು ಅಗತ್ಯ. ಅಕ್ಕಪಕ್ಕದವರು ಒಂದೇ ಸಮಯಕ್ಕೆ ಬಿತ್ತಿದರೆ ನಷ್ಟ ಒಬ್ಬನ ಮೇಲೆ ಬೀಳದೆ ಹಂಚಿಹೋಗುತ್ತದೆ. ಹೊಳೆಯುವ ರಿಬ್ಬನ್ ಕಟ್ಟುವುದರಿಂದಲೂ ಕೆಲವು ದಿನ ಉಪಯೋಗವಿದೆ. ಅನಂತರ ಹಕ್ಕಿಗೆ ರೂಢಿಯಾಗಿಬಿಡುತ್ತದೆ. ಕೂರಿಗೆಯಿಂದ ಒಣ ಬಿತ್ತನೆ ಮಾಡಿದ ಭತ್ತಕ್ಕೆ ಮಣ್ಣಿನ ಹೊದಿಕೆ ಇರುವುದರಿಂದ ಇಷ್ಟು ಕಾವಲು ಬೇಕಿಲ್ಲ.

ವಿಷದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸುಳಿ ನೊಣದ ಹತೋಟಿಗೆ ಜೋಳದ ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಅಥವಾ ಥಯಾಮೆಥಾಕ್ಸಾಮ್ ಲೇಪಿಸುವುದು ರೂಢಿಯಲ್ಲಿದೆ. ಮುನಿಯಾದಂಥ ಹಕ್ಕಿ ಕಾಳಿನ ಸಿಪ್ಪೆ ಸುಲಿದು ತಿನ್ನುತ್ತದೆ. ಲೇಪನದ ಒಂದಷ್ಟು ಭಾಗ ಸಿಪ್ಪೆಯೊಂದಿಗೆ ಕೆಳಗೆ ಬೀಳುತ್ತದೆ. ಬೆಳವ ಕಾಳನ್ನು ಇಡಿಯಾಗಿ ನುಂಗುವುದರಿಂದ ಲೇಪಿಸಿದ ಔಷಧವೆಲ್ಲ ಹೊಟ್ಟೆಗೆ ಹೋಗುತ್ತದೆ. ಅಲ್ಲದೆ ನುಂಗಿದ ಕಾಳನ್ನು ಅರೆಯಲು ಅದು ಸಣ್ಣ ಹರಳುಗಳನ್ನು ಆರಿಸಿ ನುಂಗುತ್ತದೆ. ಹರಳು ರೂಪದ ಕೀಟನಾಶಕ ಮೇಲೆ ಬಿದ್ದಿದ್ದರೆ ಅದನ್ನೂ ಕಲ್ಲೆಂದೇ ನುಂಗುತ್ತದೆ. ಫೋರೇಟ್ ಹರಳಿನ ಮಾರಾಟ ಮತ್ತು ಬಳಕೆ 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಹಳೆಯ ದಾಸ್ತಾನು ಮೂಲೆಯಲ್ಲಿದ್ದರೂ ಬಳಸಕೂಡದು. ಹೊಲದ ಅಂಚಿನಲ್ಲಿ ಚೆಲ್ಲಿದ ಲೇಪಿತ ಬೀಜವನ್ನು ಮಣ್ಣಿನಲ್ಲಿ ಮುಚ್ಚಿರಿ. ಬೇಕೆಂದೇ ವಿಷದ ಕಾಳು ಚೆಲ್ಲುವುದಂತೂ ಮನೆಯ ಕೋಳಿ, ನಾಯಿ, ಕೊನೆಗೆ ಮಕ್ಕಳಿಗೂ ಅಪಾಯ. ಸತ್ತು ಬಿದ್ದ ಬೆಳವವನ್ನು ಅಡುಗೆಗೆ ಒಯ್ಯಬೇಡಿರಿ. ಬೆಳವಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೂ ಹೌದು.

ಇಷ್ಟೊಂದಿರುವ ಹಕ್ಕಿಗೆ ಏನಾದೀತು ಎನ್ನುವವರಿದ್ದಾರೆ. ಅಮೆರಿಕದಲ್ಲಿ ಕೋಟಿಗಟ್ಟಲೆ ಇದ್ದ ಪ್ರಯಾಣಿಕ ಪಾರಿವಾಳವನ್ನು ಬೇಟೆಯಾಡಿ, ಕಾಡು ಕಡಿದು ಮುಗಿಸಿದರು; ಕೊನೆಯದೊಂದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ನಮ್ಮಲ್ಲಿ ಅಂಥ ಸ್ಥಿತಿ ಇಲ್ಲ. ಆದರೂ ಯಾವುದು ಏರಿತು, ಯಾವುದು ಇಳಿಯಿತು ಎನ್ನಲು ಎಣಿಕೆ ಬೇಕು. ರಾಯಚೂರು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, 1931-32ರಲ್ಲಿ, ಸಲೀಂ ಅಲಿ ಅವರು ಆ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದ್ದರು. ಇಂದು ಅಂಥ ಕೆಲಸದಲ್ಲಿ ರೈತನೂ ಕೈಜೋಡಿಸಬಹುದು.

ಇದಕ್ಕೆ ದುರ್ಬೀನು ಇರಲೇಬೇಕೆಂದಿಲ್ಲ. ಒಣ ಕಾಳು ತಿನ್ನುವ ಈ ಹಕ್ಕಿಗಳಿಗೆ ದಿನವೂ ನೀರು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಅಥವಾ ಇಳಿಹೊತ್ತಿಗೆ ದೇವದುರ್ಗದ ಕೃಷ್ಣಾ ದಂಡೆಯಲ್ಲೋ, ನಿಮ್ಮ ಹೊಲದ ತೊಟ್ಟಿಯ ಬಳಿಯೋ ಹದಿನೈದು ನಿಮಿಷ ಅಲುಗಾಡದೆ ಕುಳಿತುಕೊಳ್ಳಿರಿ. ಇತರ ಹಕ್ಕಿಗಳು ಗುಟುಕಿಗೊಮ್ಮೆ ತಲೆಯೆತ್ತುತ್ತವೆ. ಬೆಳವ ಕೊಕ್ಕು ಮುಳುಗಿಸಿ ದನದಂತೆ ಹೀರಿ ಕುಡಿಯುತ್ತದೆ. ಆಗ ತಲೆ ತಗ್ಗಿಸಿರುವುದರಿಂದ ಕತ್ತಿನ ಹಿಂದಿನ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಅರ್ಧ ಬಳೆಯೋ, ಚೌಕಳಿಯೋ, ಬಿಳಿ ಚುಕ್ಕೆಯೋ ನೋಡಿ, ತಾರೀಖಿನೊಡನೆ ಸಂಖ್ಯೆಯನ್ನು ಬರೆದಿಡಿರಿ.