ನಮ್ಮ ಕೈಯಲ್ಲಿ ಎಂತ ಉಂಟು ಮಾರಾಯ್ರೇ?

ಉಡುಪಿ ಕಡೆ ಈ ಮಾತು ಕಿವಿಗೆ ಬೀಳದೆ ಒಂದು ದಿನ ಕಳೆಯುವುದು ಕಷ್ಟ. ಮಲ್ಪೆಯಲ್ಲಿ ಮೀನು ಸಿಗದ ದಿನ, ಮಣಿಪಾಲದ ಆಫೀಸಿನಲ್ಲಿ ಅಪ್ರೈಸಲ್ ಮುಗಿದ ಸಂಜೆ, ಕಾರ್ಕಳದ ಬಸ್ಸು ಕಣ್ಣೆದುರೇ ಹೊರಟುಹೋದಾಗ, ಎಲ್ಲ ಕಡೆ ಅದೇ ಉದ್ಗಾರ. ಹೆಚ್ಚಿನ ಸಲ ಅದು ಕೈಚೆಲ್ಲುವ ಮಾತು. ಆದರೆ ಅದನ್ನೇ ನಿಜವಾದ ಪ್ರಶ್ನೆಯ ಹಾಗೆ ಒಮ್ಮೆ ಕೇಳಿ ನೋಡಿ. ಹೌದಲ್ವಾ, ಇವತ್ತು ನಮ್ಮ ಕೈಯಲ್ಲಿ ಇರುವುದು ಎಂತ?

ಒಬ್ಬರು ಇದನ್ನು ನಿಟ್ಟುಸಿರಾಗಿ ಹೇಳುತ್ತಾರೆ, ಇನ್ನೊಬ್ಬರು ಪ್ರಶ್ನೆಯಾಗಿ ಕೇಳುತ್ತಾರೆ. ಈ ವ್ಯತ್ಯಾಸ ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಜೂಲಿಯನ್ ರಾಟರ್ 1966ರಲ್ಲಿ 29 ಜೋಡಿ ವಾಕ್ಯಗಳ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಪ್ರತಿ ಜೋಡಿಯಲ್ಲಿ ನಿಮಗೆ ಸರಿ ಅನಿಸಿದ್ದನ್ನು ಆರಿಸಬೇಕು. ‘ಲೋಕಸ್ ಆಫ್ ಕಂಟ್ರೋಲ್’ ಎಂದು ಈಗ ಎಲ್ಲ ಎಚ್‌ಆರ್ ಟ್ರೈನಿಂಗ್‌ಗಳಲ್ಲಿ ಕೇಳಿಬರುವುದು ಇದೇ. ನಮ್ಮ ಬದುಕಿನ ಚುಕ್ಕಾಣಿ ನಮ್ಮ ಕೈಯಲ್ಲಿದೆಯೋ, ಹಣೆಬರಹದ ಅಥವಾ ದೊಡ್ಡವರ ಕೈಯಲ್ಲಿದೆಯೋ ಎಂಬ ಬಗ್ಗೆ ನಮಗಿರುವ ನಂಬಿಕೆ ಅದು. ಚುಕ್ಕಾಣಿ ತಮ್ಮದೆಂದು ನಂಬುವವರಲ್ಲಿ ಕೆಲಸದ ತೃಪ್ತಿ, ಉತ್ಸಾಹ ಹೆಚ್ಚು ಎಂದು ಆಮೇಲಿನ ಹಲವು ಅಧ್ಯಯನಗಳು ಹೇಳಿವೆ.

ಸರಿ, ಆದರೆ ಈ ನಂಬಿಕೆ ಇಲ್ಲದವರಿಗೆ ಯಾರಾದರೂ ಅದನ್ನು ಕೊಡಬಹುದೇ? ನಾಯಕತ್ವದ ಬಗ್ಗೆ ಕೇಳಬೇಕಾದ ಅಸಲಿ ಪ್ರಶ್ನೆ ಇದು ಅಂತ ನನಗನಿಸುತ್ತದೆ. ಅದಕ್ಕೆ ಒಂದು ಉತ್ತರ ನಮ್ಮೂರಲ್ಲೇ ಉಂಟು.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ ಒಂದು ಬ್ಯಾಂಕ್ ತೆರೆದರು. ಒಬ್ಬರು ವೈದ್ಯ ಡಾ. ಟಿ.ಎಂ.ಎ. ಪೈ, ಇನ್ನಿಬ್ಬರು ಉಪೇಂದ್ರ ಅನಂತ ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ. ಕೈಯಲ್ಲಿದ್ದ ಬಂಡವಾಳ 8,000 ರೂಪಾಯಿ. ಕೆಲಸ ಕುಸಿದು ಕಂಗಾಲಾಗಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಮುಖ್ಯ ಉದ್ದೇಶ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ.

ಮೂರು ವರ್ಷದ ನಂತರ, 1928ರಲ್ಲಿ, ಪಿಗ್ಮಿ ಬಂತು. ಬ್ಯಾಂಕಿನ ಏಜೆಂಟ್ ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬರುತ್ತಾರೆ. ಎರಡಾಣೆ ಕೊಟ್ಟರೂ ತೆಗೆದುಕೊಳ್ಳುತ್ತಾರೆ, ಬರೆದು ಕೊಡುತ್ತಾರೆ. ರೂಪಾಯಿಗೆ ಹದಿನಾರು ಆಣೆಯ ಕಾಲ. ಅಂದರೆ ದಿನಾ ಎರಡಾಣೆ ಹಾಕಿದರೆ ಎಂಟು ದಿನಕ್ಕೆ ಒಂದು ರೂಪಾಯಿ. ದೊಡ್ಡ ಸಂಗತಿ ಅನಿಸುವುದಿಲ್ಲ ಅಲ್ವಾ?

ಆದರೆ ಆ ಎರಡಾಣೆ ಹಾಕುವವರ ಕಡೆಯಿಂದ ನೋಡಿ. ಬ್ಯಾಂಕ್ ಅಂದರೆ ಜಮೀನು ಇದ್ದವರಿಗೆ, ಇಂಗ್ಲಿಷ್ ಓದಲು ಬಂದವರಿಗೆ ಅನ್ನುವ ಕಾಲ. ‘ಉಳಿತಾಯ ಮಾಡಿ’ ಎಂದು ಉಪದೇಶ ಮಾಡಿದ್ದರೆ ಅವರು ಹೇಳುತ್ತಿದ್ದುದು ಅದೇ, ನಮ್ಮ ಕೈಯಲ್ಲಿ ಎಂತ ಉಂಟು ಅಂತ. ಪಿಗ್ಮಿ ಉಪದೇಶಕ್ಕೆ ಹೋಗಲಿಲ್ಲ. ತೀರ್ಮಾನವನ್ನು ಎರಡಾಣೆಯಷ್ಟು ಚಿಕ್ಕದು ಮಾಡಿತು. ಇವತ್ತು ಹಾಕುದಾ, ಬೇಡವಾ? ಅಷ್ಟೇ. ನಾಳೆ ಮತ್ತೆ ಅದೇ ಪ್ರಶ್ನೆ. ಹಾಕಿದ್ದು ಎಷ್ಟಾಯಿತು ಎಂದು ಪುಸ್ತಕದಲ್ಲಿ ಕಾಣುತ್ತದೆ. ತಾನು ಮಾಡಿದ್ದಕ್ಕೂ ಆದದ್ದಕ್ಕೂ ಸಂಬಂಧ ಉಂಟು ಎಂದು ಭಾಷಣದಿಂದ ತಿಳಿಯುವುದು ಬೇರೆ, ಸ್ವಂತ ಪಾಸ್‌ಬುಕ್ಕಿನಲ್ಲಿ ನೋಡುವುದು ಬೇರೆ.

ಅದೇ ಪೈಗಳು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡಿದಾಗಲೂ ದಾರಿ ಅದೇ. ಮಣಿಪಾಲ ಆಗ ಬೋಳುಗುಡ್ಡ. ವಿದ್ಯಾರ್ಥಿಗಳಿಗೆ ಕಲಿಸಲು ದೊಡ್ಡ ಆಸ್ಪತ್ರೆ ಇರಲಿಲ್ಲ. ಆಸ್ಪತ್ರೆ ಆಗುವ ತನಕ ಕಾಯಲಿಲ್ಲ. ಮೊದಲ ಹಂತದ ಪಾಠ ಮಣಿಪಾಲದಲ್ಲಿ, ರೋಗಿಗಳ ಬಳಿ ಕಲಿಯುವ ಹಂತ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. ಇಲ್ಲದ್ದರ ಪಟ್ಟಿ ಉದ್ದ ಇತ್ತು. ಅವರು ಶುರು ಮಾಡಿದ್ದು ಇದ್ದದ್ದರಿಂದ.

ಈಗ ಅದೇ ಗುಡ್ಡದ ಮೇಲೆ ಎಷ್ಟೋ ಆಫೀಸುಗಳು. ಮೂವತ್ತು ದಾಟುವ ಮೊದಲೇ ಟೀಮ್ ಲೀಡ್ ಆದವರು ನಿಮ್ಮಲ್ಲೂ ಇರಬಹುದು. ‘ಓನರ್‌ಶಿಪ್ ತಗೊಳ್ಳಿ’ ಎಂಬ ಮಾತು ದಿನಕ್ಕೆ ನಾಲ್ಕು ಸಲ ಕೇಳಿರುತ್ತೀರಿ, ಬಹುಶಃ ಎರಡು ಸಲ ಹೇಳಿಯೂ ಇರುತ್ತೀರಿ. ಆದರೆ ಈಮೇಲಿನ ಪ್ರತಿ ಸಾಲನ್ನೂ ಲೀಡ್ ತಿದ್ದಿದರೆ, ರಜೆಯ ದಿನಕ್ಕೂ ಮೂರು ಅಪ್ರೂವಲ್ ಬೇಕಾದರೆ, ಓನರ್‌ಶಿಪ್ ತೆಗೆದುಕೊಳ್ಳುವುದು ಎಲ್ಲಿಂದ?

1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಕನೆಕ್ಟಿಕಟ್‌ನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಮಾಡಿದ ಪ್ರಯೋಗ ಇಲ್ಲಿ ನೆನಪಾಗುತ್ತದೆ. ಒಂದು ಮಹಡಿಯವರಿಗೆ, ಬೇಕಾದ ಗಿಡ ನೀವೇ ಆರಿಸಿ, ನೀವೇ ನೀರು ಹಾಕಿ, ಸಿನಿಮಾ ಯಾವ ರಾತ್ರಿ ನೋಡುವುದೆಂದೂ ನೀವೇ ಹೇಳಿ ಎಂದರು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಸಿನಿಮಾ ಇತ್ತು. ಆದರೆ ನೀರು ಹಾಕುವುದು ನರ್ಸ್, ದಿನ ಹೇಳುವುದು ಸಿಬ್ಬಂದಿ. ಮೂರು ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾಗಿ, ಹೆಚ್ಚು ಖುಷಿಯಾಗಿ ಕಂಡರು. ಸೌಕರ್ಯ ಎರಡೂ ಕಡೆ ಒಂದೇ. ಬೇರೆ ಇದ್ದದ್ದು ತೀರ್ಮಾನ ಯಾರದ್ದು ಎಂಬುದು. ನಿಮ್ಮ ಟೀಮಿನ ಹೊಸ ಹುಡುಗಿಗೆ ಒಂದು ಚಿಕ್ಕ ಕೆಲಸ ಪೂರ್ತಿ ಬಿಟ್ಟುಕೊಟ್ಟು, ನಡುವೆ ಕೈಹಾಕದೆ ಒಂದು ತಿಂಗಳು ನೋಡಿ. ಕೈಹಾಕದೆ ಇರುವುದೇ ಕಷ್ಟ.

ಕಾಪು, ಮಲ್ಪೆಯ ಮೀನುಗಾರರಿಗೆ ಇದರ ಇನ್ನೊಂದು ಮುಖ ಗೊತ್ತು. ಕಡಲು ಯಾರ ಮಾತೂ ಕೇಳುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಇಳಿಯುವಂತೆಯೇ ಇಲ್ಲ. ಆ ದಿನಗಳಲ್ಲಿ ಬಲೆ ಸರಿಮಾಡುತ್ತಾರೆ, ಎಂಜಿನ್ ಬಿಚ್ಚಿ ನೋಡುತ್ತಾರೆ. ಸಮುದ್ರಕ್ಕೆ ಹೋದ ಮೇಲೂ ಮೀನು ಎಲ್ಲಿದೆ ಎಂಬುದು ತಾಂಡೇಲನ ಕೈಯಲ್ಲಿಲ್ಲ; ಗಾಳಿ ಬದಲಾದಾಗ ಬೋಟು ತಿರುಗಿಸುವುದು ಇದೆ. ‘ನೀನು ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ’ ಎನ್ನುವ ಮೋಟಿವೇಶನ್ ರೀಲ್‌ಗಳನ್ನು ಅವನಿಗೆ ತೋರಿಸಿದರೆ ನಕ್ಕಾನು.

ಆ ರೀಲ್‌ಗಳಲ್ಲಿ ಒಂದು ಕ್ರೌರ್ಯವೂ ಇದೆ. ಕಾರ್ಕಳದ ಸುತ್ತಮುತ್ತಲಿನ ಊರುಗಳಲ್ಲಿ ಬೀಡಿ ಕಟ್ಟುವ ಹೆಂಗಸರನ್ನು ನೆನೆಯಿರಿ. ಮನೆಕೆಲಸ ಮುಗಿಸಿ, ಸೂಪು ಮಡಿಲಲ್ಲಿಟ್ಟು ಕೂತರೆ ಬೆರಳು ನಿಲ್ಲುವುದಿಲ್ಲ. ಮಜೂರಿ ಸಾವಿರ ಬೀಡಿಗೆ ಇಷ್ಟು ಎಂದು. ಎಷ್ಟು ಕಟ್ಟುವುದು ಅವರ ಕೈಯಲ್ಲಿದೆ, ನಿಜ. ಆದರೆ ಎಲೆ ಒಳ್ಳೆಯದು ಸಿಗುತ್ತದೋ, ಕಟ್ಟಿದ್ದರಲ್ಲಿ ಎಷ್ಟನ್ನು ಸರಿಯಿಲ್ಲವೆಂದು ಬದಿಗಿಡುತ್ತಾರೋ, ಅದು ಬ್ರಾಂಚಿನವರ ಕೈಯಲ್ಲಿ. ಇಂಥವರಿಗೆ ‘ನಿಮ್ಮ ಮೈಂಡ್‌ಸೆಟ್ ಬದಲಿಸಿಕೊಳ್ಳಿ’ ಎನ್ನುವುದು ಯಾವ ಸೀಮೆಯ ನಾಯಕತ್ವ? ಸ್ವತಃ ರಾಟರ್ 1975ರಲ್ಲಿ ಎಚ್ಚರಿಸಿದ್ದರು: ಚುಕ್ಕಾಣಿ ನನ್ನದು ಎನ್ನುವವರು ಒಳ್ಳೆಯವರು, ಅಲ್ಲ ಎನ್ನುವವರು ಕೆಟ್ಟವರು ಎಂದು ಭಾಗ ಮಾಡಬೇಡಿ ಅಂತ. ಕೆಲವರು ‘ನನ್ನ ಕೈಯಲ್ಲಿಲ್ಲ’ ಎಂದಾಗ ಅವರು ಹೇಳುತ್ತಿರುವುದು ಸತ್ಯವನ್ನೇ.

ಪಿಗ್ಮಿ ಸಂಗ್ರಾಹಕರ ವಿಷಯದಲ್ಲೂ ಹಾಗೆಯೇ ಆಯಿತು. ಬಿಸಿಲು ಮಳೆ ಎನ್ನದೆ ಮನೆಮನೆ ತಿರುಗಿ, ಇತರರಿಗೆ ಉಳಿತಾಯದ ಹಿಡಿತ ಕೊಟ್ಟವರು ಇವರು. ಇವರ ಸಂಪಾದನೆ ಮಾತ್ರ ಕಮಿಷನ್. ಎಷ್ಟು ತಿರುಗಿದರೂ, ಊರವರ ಕೈಯಲ್ಲಿ ದುಡ್ಡಿಲ್ಲದ ತಿಂಗಳು ಇವರಿಗೂ ಇಲ್ಲ. ಇವರು ನೌಕರರಲ್ಲ, ಏಜೆಂಟರು ಎಂಬುದು ಬ್ಯಾಂಕುಗಳ ವಾದವಾಗಿತ್ತು. ಇನ್ನಷ್ಟು ಹುರುಪಿನಿಂದ ತಿರುಗಿದ್ದರೆ ಅದು ಬಗೆಹರಿಯುತ್ತಿರಲಿಲ್ಲ. ಒಟ್ಟಾಗಿ ಕೇಳಿದರು, ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಯಿತು. ಈ ಸಂಗ್ರಾಹಕರೂ ಕಾನೂನಿನ ಪ್ರಕಾರ ಕಾರ್ಮಿಕರೇ, ಅವರ ಕಮಿಷನ್ನೂ ಸಂಬಳವೇ ಎಂದು 2001ರಲ್ಲಿ ಕೋರ್ಟ್ ಹೇಳಿತು. ಪಿಗ್ಮಿ ಶುರುವಾಗಿ ಆಗ 73 ವರ್ಷ ಆಗಿತ್ತು.