ಮದ್ದು ಆಸ್ಪತ್ರೆಯಲ್ಲಿದೆ, ತಡ ಮನೆಯಲ್ಲಿದೆ

ಎಚ್.ಐ.ವಿ. ಸೋಂಕು ಇದೆಯೆಂದು ತಿಳಿದ ದಿನಕ್ಕೂ ಮೊದಲ ಮಾತ್ರೆ ನುಂಗುವ ದಿನಕ್ಕೂ ನಡುವೆ ಎಷ್ಟು ಅಂತರವಿರಬೇಕು? ಸಾಧ್ಯವಾದರೆ ಅದೇ ದಿನ, ಇಲ್ಲವಾದರೆ ಒಂದು ವಾರದೊಳಗೆ ಎನ್ನುತ್ತದೆ ಇಂದಿನ ವೈದ್ಯವಿಜ್ಞಾನ. ಆದರೆ ಎಷ್ಟೋ ಮನೆಗಳಲ್ಲಿ ಈ ಅಂತರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೆಳೆಯುತ್ತದೆ. ಮಾತ್ರೆ ಸಿಗದೆ ಹೀಗಾಗುವುದಲ್ಲ. ಸರಕಾರಿ ಕೇಂದ್ರಗಳಲ್ಲಿ ಅದು ಉಚಿತವಾಗಿ ಸಿಗುತ್ತದೆ. ಹೆಚ್ಚಿನ ತಡ ಆಗುತ್ತಿರುವುದು ಮನೆಯೊಳಗೆ, ಮನಸ್ಸಿನೊಳಗೆ. ಅದರ ಬೆಲೆಯನ್ನು ಹೆಚ್ಚಾಗಿ ತೆರುವವಳು ಹೆಣ್ಣು.

ಹೆದ್ದಾರಿಯ ಬದಿಯ ಊರುಗಳು

ಬಾದಾಮಿ ತಾಲೂಕಿನ ಕುಳಗೇರಿ ಕ್ರಾಸ್ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿದೆ. ಬಾದಾಮಿಯ ದಾರಿ ಇಲ್ಲಿಂದ ಕವಲೊಡೆಯುತ್ತದೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಜನ ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವುದು ಹೊಸತೇನಲ್ಲ. ತಿಂಗಳುಗಟ್ಟಲೆ ಮನೆಯಿಂದ ದೂರವಿರುವ ಕೂಲಿಕಾರರು, ಲಾರಿ ಚಾಲಕರು, ಕಟ್ಟಡ ಕೆಲಸದವರು ಇಲ್ಲಿನ ಬಸ್ಸುಗಳಲ್ಲಿ ಬಂದುಹೋಗುತ್ತಾರೆ.

ಎಚ್.ಐ.ವಿ. ದೊಡ್ಡ ಪಟ್ಟಣಗಳ ರೋಗ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಇದೇ ಬಾಗಲಕೋಟೆ ಜಿಲ್ಲೆ. 2003ರಲ್ಲಿ ಇಲ್ಲಿ ನಡೆದ ಸಮೀಕ್ಷೆಯೊಂದರಲ್ಲಿ ನೂರು ಮಂದಿ ವಯಸ್ಕರಲ್ಲಿ ಸುಮಾರು ಮೂವರಿಗೆ ಸೋಂಕು ಇರುವುದು ಕಂಡುಬಂತು. ಪೇಟೆಗಿಂತ ಹಳ್ಳಿಗಳಲ್ಲೇ ಅದು ಹೆಚ್ಚಾಗಿತ್ತು. ಆನಂತರದ ವರ್ಷಗಳಲ್ಲಿ ಕರ್ನಾಟಕದಲ್ಲಿ ಸೋಂಕಿನ ಪ್ರಮಾಣ ಇಳಿದಿದೆ. ಆದರೆ ಅಂದು ಜನರ ಮನಸ್ಸಿನಲ್ಲಿ ಕುಳಿತ ಭಯ ಅದೇ ವೇಗದಲ್ಲಿ ಇಳಿಯಲಿಲ್ಲ.

'ಈಗಲೇ ಮಾತ್ರೆ ಬೇಡ' ಎಂಬ ಹಳೆಯ ಮಾತು

ಭಾರತದಲ್ಲಿ ಉಚಿತ ಎ.ಆರ್.ಟಿ. ಚಿಕಿತ್ಸೆ ಆರಂಭವಾದದ್ದು 2004ರ ಏಪ್ರಿಲ್‌ನಲ್ಲಿ. ಆಗ ಕರ್ನಾಟಕದಲ್ಲಿ ಅದು ಸಿಗುತ್ತಿದ್ದುದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ಕುಳಗೇರಿಯ ರೋಗಿಗೆ ಅದು ಒಂದು ರಾತ್ರಿಯ ಪ್ರಯಾಣ. ಅಲ್ಲಿಗೆ ತಲುಪಿದರೂ ಎಲ್ಲರಿಗೂ ಮಾತ್ರೆ ಕೊಡುತ್ತಿರಲಿಲ್ಲ. ದೇಹದ ಕಾವಲುಗಾರರಂತಿರುವ ಸಿ.ಡಿ.4 ಎಂಬ ಬಿಳಿ ರಕ್ತಕಣಗಳನ್ನು ಎಣಿಸುತ್ತಿದ್ದರು. ಆರೋಗ್ಯವಂತರಲ್ಲಿ ಇವು ಸಾಮಾನ್ಯವಾಗಿ 500ಕ್ಕಿಂತ ಮೇಲಿರುತ್ತವೆ. ಬೇರೆ ಗಂಭೀರ ಕಾಯಿಲೆ ಇಲ್ಲದಿದ್ದರೆ, ಈ ಸಂಖ್ಯೆ 200ಕ್ಕಿಂತ ಕೆಳಗೆ ಇಳಿಯುವವರೆಗೆ 'ಈಗಲೇ ಮಾತ್ರೆ ಬೇಡ, ಆರು ತಿಂಗಳು ಬಿಟ್ಟು ಬನ್ನಿ' ಎಂದು ಕಳುಹಿಸುವುದು ಅಂದಿನ ನಿಯಮವಾಗಿತ್ತು. ಹಾಗೆ ಹೋದವರಲ್ಲಿ ಅನೇಕರು ಮರಳಿ ಬಂದದ್ದು ಮಂಚದ ಮೇಲೆ.

ಮುಂದೆ ಈ ಮಿತಿ 350ಕ್ಕೆ, ನಂತರ 500ಕ್ಕೆ ಏರಿತು. 2015ರಲ್ಲಿ, 35 ದೇಶಗಳ 4,685 ಮಂದಿಯ ಮೇಲೆ ನಡೆದ ಅಧ್ಯಯನವೊಂದು ಚರ್ಚೆಗೆ ತೆರೆ ಎಳೆಯಿತು. ಸಿ.ಡಿ.4 ಇಳಿಯುವವರೆಗೆ ಕಾದವರಿಗೆ ಹೋಲಿಸಿದರೆ, ಕೂಡಲೇ ಚಿಕಿತ್ಸೆ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಅಥವಾ ಸಾವಿನ ಅಪಾಯ ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. 2017ರಲ್ಲಿ ಭಾರತ ಸರಕಾರವೂ ನಿಯಮ ಬದಲಿಸಿತು. ಸಿ.ಡಿ.4 ಎಷ್ಟೇ ಇರಲಿ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ಚಿಕಿತ್ಸೆ.

ನಿಯಮ ಬದಲಾಯಿತು, ಮಾತು ಉಳಿಯಿತು. 'ಮೈಯಲ್ಲಿ ಶಕ್ತಿ ಇರುವವರೆಗೆ ಮಾತ್ರೆ ಬೇಡ, ಒಮ್ಮೆ ಶುರು ಮಾಡಿದರೆ ಬಿಡುವಂತಿಲ್ಲ' ಎಂದು ಹಿತೈಷಿಗಳೇ ಹೇಳುವುದುಂಟು. ಎರಡನೆಯ ಮಾತು ನಿಜ, ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕು. ಆದರೆ ಮೊದಲನೆಯದು ಜೀವಕ್ಕೆ ಮುಳುವು. ಸೋಂಕು ತಗಲಿದವರು ಎಂಟು-ಹತ್ತು ವರ್ಷ ಯಾವ ಲಕ್ಷಣವೂ ಇಲ್ಲದೆ ಓಡಾಡಿಕೊಂಡಿರಬಹುದು. ಅಷ್ಟೂ ದಿನ ವೈರಸ್ ಒಳಗಿಂದ ಗೋಡೆ ಕೊರೆಯುತ್ತಲೇ ಇರುತ್ತದೆ. ಗೋಡೆ ಬಿದ್ದ ಮೇಲೆ ನುಗ್ಗುವವರಲ್ಲಿ ಮೊದಲಿಗ ಕ್ಷಯರೋಗ.

ತಡ ಎಲ್ಲೆಲ್ಲಿ ಆಗುತ್ತದೆ?

ಮೊದಲನೆಯದು, ಹೆಂಡತಿಗೆ ಹೇಳದಿರುವುದು. ಗಂಡನಿಗೆ ಸೋಂಕು ಇರುವುದು ಎಷ್ಟೋ ಬಾರಿ ಅವನ ಅಣ್ಣನಿಗೆ ಗೊತ್ತಿರುತ್ತದೆ, ತಾಯಿಗೆ ಗೊತ್ತಿರುತ್ತದೆ. ಪಕ್ಕದಲ್ಲಿ ಮಲಗುವವಳಿಗೆ ಗೊತ್ತಿರುವುದಿಲ್ಲ. ಅವಳ ರಕ್ತ ಪರೀಕ್ಷೆಯಾಗುವುದು ಅವಳು ಬಸುರಿಯಾದಾಗ, ಇಲ್ಲವೇ ಅವನು ಹಾಸಿಗೆ ಹಿಡಿದಾಗ. ಕೆಲವೊಮ್ಮೆ ಅವನು ತೀರಿಕೊಂಡ ಮೇಲೆ.

ಎರಡನೆಯದು, ಹೊತ್ತು ಹೊತ್ತಿಗೆ ಗಂಡನಿಗೆ ಮಾತ್ರೆ ಕೊಡುವವಳು ತನ್ನದನ್ನು ಮುಂದೂಡುವುದು. ಮಗಳ ನಿಕಾಹ್ ಮುಗಿಯಲಿ, ಮಗನ ಪರೀಕ್ಷೆ ಮುಗಿಯಲಿ, ರಮಝಾನ್ ಕಳೆಯಲಿ ಎಂದು ನೂರು ನೆಪ. ಅವಳು ಬಿದ್ದರೆ ಆ ಮನೆಯನ್ನು ಹಿಡಿದು ನಿಲ್ಲಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಮೂರನೆಯದು, ಇದ್ದತ್. ಗಂಡನನ್ನು ಕಳಕೊಂಡ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಗೆ ಕಾಲಿಡಬಾರದೆಂದು ಅವಳ ಪರೀಕ್ಷೆ, ಚಿಕಿತ್ಸೆಗಳನ್ನೂ ತಡೆಹಿಡಿಯುವವರಿದ್ದಾರೆ. ಇದು ಶರೀಅತ್ ಅಲ್ಲ. ಇದ್ದತ್‌ನಲ್ಲಿರುವ ಹೆಣ್ಣು ಚಿಕಿತ್ಸೆಯಂತಹ ನಿಜವಾದ ಅಗತ್ಯಕ್ಕೆ ಹೊರಗೆ ಹೋಗಲು ವಿದ್ವಾಂಸರು ಅನುಮತಿ ನೀಡಿದ್ದಾರೆ.

ನಾಲ್ಕನೆಯದು, ಯಾರಾದರೂ ನೋಡಿಯಾರೆಂಬ ಅಂಜಿಕೆ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಹೋದರೆ ಗುರುತಿನವರು ಸಿಗುತ್ತಾರೆಂದು ಹುಬ್ಬಳ್ಳಿಯ ಕಿಮ್ಸ್ ಕಡೆಗೆ ಬಸ್ಸು ಹತ್ತುವವರಿದ್ದಾರೆ. ದೂರದ ಆಸ್ಪತ್ರೆಯೇ ಆಗಲಿ, ಚಿಕಿತ್ಸೆ ಶುರುವಾಗುವುದು ಮುಖ್ಯ. ಆದರೆ ಬಸ್ ಚಾರ್ಜ್ ಮತ್ತು ಒಂದು ದಿನದ ಕೂಲಿ ಕೈಬಿಡಬೇಕಾದಾಗ ಎರಡನೇ ತಿಂಗಳಿಗೇ ಭೇಟಿ ತಪ್ಪುತ್ತದೆ. ಹತ್ತಿರದ ಕೇಂದ್ರಕ್ಕೆ ಹೆಸರು ವರ್ಗಾಯಿಸಿಕೊಳ್ಳುವ ಸೌಲಭ್ಯವಿದೆ, ಕೇಳಿ ಪಡೆಯಬೇಕು.

ಐದನೆಯದು, 'ಪೂರ್ತಿ ವಾಸಿ ಮಾಡುತ್ತೇವೆ' ಎನ್ನುವವರ ಜಾಹೀರಾತು. ಏಡ್ಸ್ ಗುಣಪಡಿಸುತ್ತದೆಂದು ಹೇಳಿ ಯಾವುದೇ ಔಷಧ ಮಾರುವುದನ್ನು ನಮ್ಮ ದೇಶದ ಔಷಧ ನಿಯಮಗಳು ನಿಷೇಧಿಸಿವೆ. ತಾಯಿತ, ಬೇರು, ಪುಡಿಗಳಿಗೆ ಸಾಲ ಮಾಡಿ ಸುರಿದ ಹಣ ಹೋದರೆ ಮತ್ತೆ ದುಡಿಯಬಹುದು. ಕಳೆದ ತಿಂಗಳುಗಳು ಮರಳಿ ಬರುವುದಿಲ್ಲ.

ದುಆ ಮತ್ತು ದವಾ

ರೋಗಕ್ಕೆ ಚಿಕಿತ್ಸೆ ಪಡೆಯಿರಿ, ಮುಪ್ಪಿನ ಹೊರತು ಮದ್ದಿಲ್ಲದ ಕಾಯಿಲೆಯನ್ನು ಅಲ್ಲಾಹನು ಇಳಿಸಿಲ್ಲ ಎಂಬುದು ಪ್ರವಾದಿವರ್ಯರ(ಸ) ಉಪದೇಶದ ಸಾರ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಲು ಕಲಿಸಿದವರೂ ಅವರೇ. ದುಆ ಮಾಡೋಣ, ಆದರೆ ದವಾ ಬಿಟ್ಟು ಅಲ್ಲ. ಉಪವಾಸದ ವಿಷಯದಲ್ಲಿ ರೋಗಿಗೆ ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲೇ ರಿಯಾಯಿತಿ ನೀಡಿದೆ. ಇಂದು ಹೆಚ್ಚಿನವರಿಗೆ ಕೊಡುವುದು ದಿನಕ್ಕೊಂದೇ ಮಾತ್ರೆ. ದೇಹ ಗಟ್ಟಿಯಾಗಿರುವವರು ವೈದ್ಯರನ್ನು ಕೇಳಿ, ಅದನ್ನು ರಾತ್ರಿ ಹೊತ್ತು ತೆಗೆದುಕೊಂಡು ಉಪವಾಸ ಆಚರಿಸುವುದೂ ಸಾಧ್ಯ.

ಎಚ್.ಐ.ವಿ. ಎಂದೊಡನೆ ನಡತೆಯ ಮೇಲೆ ತೀರ್ಪು ಕೊಡುವ ನಾಲಗೆಗಳೂ ಈ ತಡಕ್ಕೆ ಹೊಣೆ. ಗುಮಾನಿ ಮತ್ತು ಪರರ ಗುಟ್ಟು ಕೆದಕುವುದನ್ನು ಅಲ್‌ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಗಂಡನಿಂದ ಸೋಂಕು ಪಡೆದ ಹೆಂಡತಿ, ತಾಯಿಯಿಂದ ಪಡೆದ ಮಗು ಯಾವ ತಪ್ಪಿಗೆ ಉತ್ತರ ಕೊಡಬೇಕು? ತಪ್ಪೇ ಮಾಡಿದವನಿಗೂ ತೌಬಾದ ಬಾಗಿಲು ತೆರೆದಿರುವಾಗ ಆಸ್ಪತ್ರೆಯ ಬಾಗಿಲನ್ನು ನಾವೇಕೆ ಮುಚ್ಚಬೇಕು?

ಆಫ್ರಿಕಾದ ಉಗಾಂಡಾದಲ್ಲಿ ಮುಸ್ಲಿಮ್ ವೈದ್ಯರ ಸಂಘಟನೆಯೊಂದು 1990ರ ದಶಕದಲ್ಲೇ ಇಮಾಮರಿಗೆ ತರಬೇತಿ ನೀಡಿ, ಅವರ ಮೂಲಕ ಮನೆಮನೆಗೆ ಏಡ್ಸ್ ತಿಳುವಳಿಕೆ ತಲುಪಿಸಿತು. ವಿಶ್ವಸಂಸ್ಥೆ ಅದನ್ನು ಮಾದರಿಯೆಂದು ಎತ್ತಿಹಿಡಿಯಿತು. ನಮ್ಮ ಜುಮಾ ಖುತ್ಬಾಗಳಲ್ಲೂ, ಮಹಿಳಾ ತರಗತಿಗಳಲ್ಲೂ ಹತ್ತು ನಿಮಿಷ ಇದಕ್ಕೆ ಸಿಗಲಿ.

ಬೇಗ ಶುರು ಮಾಡಿದರೆ

ಭಾರತವೂ ಸೇರಿ ಒಂಬತ್ತು ದೇಶಗಳ 1,763 ದಂಪತಿಗಳ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೇಗ ಚಿಕಿತ್ಸೆ ಆರಂಭಿಸಿದಾಗ ಸಂಗಾತಿಗೆ ಸೋಂಕು ದಾಟುವ ಅಪಾಯ ಶೇ. 96ರಷ್ಟು ತಗ್ಗಿತು. ಮಾತ್ರೆ ತಪ್ಪದೆ ನುಂಗಿ, ಪರೀಕ್ಷೆಯಲ್ಲಿ ಕಾಣಿಸದಷ್ಟು ವೈರಸ್ ಕಡಿಮೆಯಾಗಿ, ಹಾಗೆಯೇ ಉಳಿದರೆ ದಾಂಪತ್ಯದಲ್ಲಿ ಸೋಂಕು ದಾಟುವುದಿಲ್ಲವೆಂದು ಇಂದು ಖಚಿತವಾಗಿದೆ. ಚಿಕಿತ್ಸೆಯಿಲ್ಲದ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ಶೇ. 15ರಿಂದ 45. ಚಿಕಿತ್ಸೆ ಸಿಕ್ಕರೆ ಅದು ಶೇ. 5ಕ್ಕಿಂತ ಕೆಳಗೆ. ತಡ ಮಾಡಿದ ಪ್ರತಿ ತಿಂಗಳೂ ಈ ರಕ್ಷಣೆಯನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಕ್ಷಯದಂತಹ ಕೆಲವು ಕಾಯಿಲೆಗಳು ಜೊತೆಗಿದ್ದರೆ ಮಾತ್ರ ವೈದ್ಯರೇ ಎ.ಆರ್.ಟಿ.ಯನ್ನು ಕೆಲವು ವಾರ ಮುಂದಕ್ಕೆ ಹಾಕಬಹುದು. ಅದನ್ನು ತೀರ್ಮಾನಿಸಬೇಕಾದವರು ಅವರೇ, ನಾವಲ್ಲ. ಕೆಮ್ಮು, ಜ್ವರ, ತೂಕ ಇಳಿಕೆಗಳನ್ನು ಮುಚ್ಚಿಡದೆ ಹೇಳಬೇಕು.

ಕಾನೂನು ನಿಮ್ಮ ಜೊತೆಗಿದೆ

2017ರ ಎಚ್.ಐ.ವಿ. ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿತರಿಗೆ ಉದ್ಯೋಗ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ ನಿರಾಕರಿಸುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಕಾಯಬೇಕು. ನಮ್ಮ ಸಹೋದರಿಯರು ವಿಶೇಷವಾಗಿ ತಿಳಿದಿರಬೇಕಾದುದು ಇದು: ಸೋಂಕಿನ ಕಾರಣ ಹೇಳಿ ವಿಧವೆಯನ್ನೋ ಸೊಸೆಯನ್ನೋ ತಾನು ಬಾಳುತ್ತಿರುವ ಮನೆಯಿಂದ ಹೊರಹಾಕುವಂತಿಲ್ಲ. ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಈ ಕಾಯ್ದೆ ಅವಳಿಗೆ ನೀಡಿದೆ.

ಸಂಶಯವಿದ್ದರೆ ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಉಚಿತ ಪರೀಕ್ಷೆ ಮಾಡಿಸಿಕೊಳ್ಳಿ. ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಮನೆಯಿಂದ ಹೊರಡುವ ಧೈರ್ಯವಿಲ್ಲದಿದ್ದರೆ 1097 ಎಂಬ ಉಚಿತ ಸಹಾಯವಾಣಿಗೆ ಕರೆ ಮಾಡಿ. ನಿಮ್ಮ ನೆರೆಯಲ್ಲಿ ಇಂತಹ ಒಬ್ಬ ಆಪಾ ಇದ್ದರೆ ಅವರ ಕಥೆ ಕೇಳುವ ಕುತೂಹಲ ಬೇಡ. ಆಸ್ಪತ್ರೆಗೆ ಹೋಗುವ ದಿನ ಅವರ ಮಕ್ಕಳಿಗೆ ಊಟ ಕೊಟ್ಟು ನೋಡಿಕೊಳ್ಳಿ. ಅಷ್ಟು ಸಿಕ್ಕರೆ ಅವರ ಮೊದಲ ಮಾತ್ರೆ ಇನ್ನೊಂದು ತಿಂಗಳು ಕಾಯಬೇಕಾಗಿಲ್ಲ.