ಕನ್ನಡಕ ಕಳಚುವ ಮೂರು ಮಾರ್ಗಗಳು

ನಮ್ಮ ತರಗತಿಗಳಲ್ಲಿ ಕನ್ನಡಕ ಧರಿಸಿದವರ ಸಂಖ್ಯೆ ಕಡಿಮೆಯೇನಲ್ಲ. ಲೇಸರ್ ಶಸ್ತ್ರಕ್ರಿಯೆಯ ಮಾತು ಬಂದಾಗ ಅವರಲ್ಲಿ ಅನೇಕರು, ‘ಎಲ್ಲಕ್ಕಿಂತ ಹೊಸ ವಿಧಾನ ಯಾವುದು?’ ಎಂದು ಕೇಳುತ್ತಾರೆ. ‘ನನ್ನ ಕಣ್ಣಿಗೆ ಒಪ್ಪುವುದು ಯಾವುದು?’ ಎಂದು ಕೇಳುವುದೇ ಸರಿಯಾದ ಕ್ರಮ. ಅದೇಕೆಂಬುದನ್ನು ಇಲ್ಲಿ ಸ್ಥೂಲವಾಗಿ ವಿವೇಚಿಸೋಣ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕ ಪೊರೆಯೇ ಕಾರ್ನಿಯಾ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇದರದು. ನಡುವೆ ಇದರ ದಪ್ಪ ಸುಮಾರು 540 ಮೈಕ್ರಾನ್, ಎಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ದೂರದ ವಸ್ತು ಮಸುಕಾಗಿ ಕಾಣುವವರ ಕಣ್ಣಿನಲ್ಲಿ ಬೆಳಕು ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಒಂದೆಡೆ ಕೂಡಿಬಿಡುತ್ತದೆ. ಕಾರ್ನಿಯಾದ ನಡುಭಾಗವನ್ನು ಕೊಂಚ ಚಪ್ಪಟೆ ಮಾಡಿದರೆ ಈ ದೋಷ ನೀಗುವುದು. ಮೂರು ವಿಧಾನಗಳ ಗುರಿಯೂ ಇದೇ.

1981ರಲ್ಲಿ ಅಮೆರಿಕದ ಐ.ಬಿ.ಎಂ. ಪ್ರಯೋಗಾಲಯದಲ್ಲಿ, ಮದರಾಸು ವಿಶ್ವವಿದ್ಯಾನಿಲಯದ ಪದವೀಧರರಾದ ರಂಗಸ್ವಾಮಿ ಶ್ರೀನಿವಾಸನ್ ಮತ್ತು ಅವರ ಸಂಗಡಿಗರು, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಣುಕಿನ ಮೇಲೆ 193 ನ್ಯಾನೋಮೀಟರ್ ತರಂಗದೂರದ ಎಕ್ಸೈಮರ್ ಲೇಸರನ್ನು ಹಾಯಿಸಿದರು. ಸುತ್ತಲಿನ ಭಾಗ ಸುಡದೆ, ಕಿರಣ ತಾಗಿದಷ್ಟೇ ಕೊರೆಯಿತು. ಈ ಶಸ್ತ್ರಕ್ರಿಯೆಗೆ ದಾರಿಯಾದದ್ದು ಆ ಪ್ರಯೋಗ.

ಮೊದಲನೆಯದು ಪಿ.ಆರ್.ಕೆ. ಕಾರ್ನಿಯಾದ ಮೇಲಿನ ಸುಮಾರು 50 ಮೈಕ್ರಾನ್ ದಪ್ಪದ ಹೊರಪದರವನ್ನು ಸರಿಸಿ, ಅದರ ಕೆಳಗೆ ಲೇಸರ್ ಹಾಯಿಸುತ್ತಾರೆ. ಹೊರಪದರ ಮೂರರಿಂದ ಐದು ದಿನಗಳಲ್ಲಿ ಮರಳಿ ಬೆಳೆಯುತ್ತದೆ. ಅಲ್ಲಿಯವರೆಗೆ ನೋವು ಉಂಟು. ದೃಷ್ಟಿ ನೆಲೆಗೊಳ್ಳಲು ವಾರಗಳೇ ಬೇಕು. ನಂಬರು ಹೆಚ್ಚಾಗಿದ್ದರೆ ಕಾರ್ನಿಯಾ ಮಸುಕಾಗುವ ಭಯವೂ ಇದೆ.

ಎರಡನೆಯದು ಲೇಸಿಕ್. ಸುಮಾರು 110 ಮೈಕ್ರಾನ್ ದಪ್ಪದ ಪದರವನ್ನು ಕೊಯ್ದು, ಪುಸ್ತಕದ ಹಾಳೆಯಂತೆ ಮಗುಚಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಸಾಮಾನ್ಯವಾಗಿ ಮರುದಿನವೇ ನೋಟ ತಿಳಿಯಾಗುತ್ತದೆ. ಆದರೆ ನರಗಳು ತುಂಡಾಗುವುದರಿಂದ ಕೆಲವು ತಿಂಗಳು ಕಣ್ಣು ಒಣಗುವುದುಂಟು. ಬಲವಾದ ಪೆಟ್ಟಿಗೆ ಪದರ ಸರಿಯಬಹುದಾದ್ದರಿಂದ ಕುಸ್ತಿ, ಕಬಡ್ಡಿ ಆಡುವವರಿಗೆ ಪಿ.ಆರ್.ಕೆ. ಮೇಲು.

ಮೂರನೆಯದು ಸ್ಮೈಲ್. ಇಲ್ಲಿ ಪದರವಿಲ್ಲ. ಫೆಮ್ಟೋಸೆಕೆಂಡ್ ಲೇಸರ್ ಕಾರ್ನಿಯಾದ ಒಳಗೇ ತೆಳುವಾದ ಮಸೂರದಾಕಾರದ ಬಿಲ್ಲೆಯನ್ನು ಬಿಡಿಸುತ್ತದೆ. ಎರಡರಿಂದ ನಾಲ್ಕು ಮಿಲಿಮೀಟರ್ ಸೀಳಿನಿಂದ ವೈದ್ಯರು ಅದನ್ನು ಹೊರತೆಗೆಯುತ್ತಾರೆ. ಕಣ್ಣು ಒಣಗುವುದು ಕಡಿಮೆ. ಆದರೆ ಮುಂದೆ ತಿದ್ದಬೇಕಾದರೆ ಸಾಮಾನ್ಯವಾಗಿ ಬೇರೆ ವಿಧಾನವನ್ನೇ ಆಶ್ರಯಿಸಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ನಂಬರಿಗೆ ಸುಮಾರು 15 ಮೈಕ್ರಾನ್ ತೆಗೆಯಬೇಕೆನ್ನೋಣ. ಕಾರ್ನಿಯಾ 480 ಮೈಕ್ರಾನ್, ನಂಬರು 8 ಆಗಿದ್ದರೆ, ಲೇಸಿಕ್‌ನಲ್ಲಿ ಪದರದ 110, ಲೇಸರಿನ 120 ಕಳೆದು ಉಳಿಯುವುದು 250. ವೈದ್ಯರು ಇಟ್ಟುಕೊಂಡಿರುವ ಕನಿಷ್ಠ ಮಿತಿಯೂ ಅಷ್ಟೇ! ಅದಕ್ಕಿಂತ ತೆಳುವಾದರೆ ಕಾರ್ನಿಯಾ ಕ್ರಮೇಣ ಉಬ್ಬಿ ದೃಷ್ಟಿಯೇ ಕೆಡಬಹುದು. ಹೊರಪದರ ಮತ್ತೆ ಬೆಳೆಯುತ್ತದೆ. ಲೇಸರ್ ತೆಗೆದ ಒಳಭಾಗ ಬೆಳೆಯುವುದಿಲ್ಲ.

ಆದ್ದರಿಂದ ಹದಿನೆಂಟು ತುಂಬದವರು, ಒಂದು ವರ್ಷವಾದರೂ ನಂಬರು ಸ್ಥಿರವಾಗಿ ನಿಲ್ಲದವರು ಅವಸರಪಡಬಾರದು. ದಪ್ಪವನ್ನೂ ಆಕಾರವನ್ನೂ ಅಳೆದು ನೋಡಿದ ವೈದ್ಯರು ‘ನಿಮಗೆ ಯಾವುದೂ ಬೇಡ’ ಎಂದರೆ ನಿರಾಶೆಪಡಬೇಕಿಲ್ಲ. ಕನ್ನಡಕವನ್ನು ನಾಳೆಯೂ ಕಳಚಬಹುದು. ಕಳೆದ ಕಾರ್ನಿಯಾವನ್ನು ಮರಳಿ ತೊಡಲಾಗದು.